ಗಡಿಯಂಚಿನಲ್ಲೊಂದು ಸಂಸಾರ

ಇಸ್ರೇಲಿನ ಭೂಪಟವನ್ನು ಎದುರಿಗಿಟ್ಟುಕೊಂಡು ನೋಡಿ. ಮೇಲ್ಭಾಗದಲ್ಲಿ, ಬಲಗಡೆಗೆ, ಒಂದು ಬೆರಳು ನೆಟ್ಟಗೆ ಚಾಚಿಕೊಂಡಂತೆ ಕಾಣುತ್ತದೆ. ಅಲ್ಲಿಯ ಜನ ಕೂಡ ಅದನ್ನು ‘ಗಲಿಲೀಯ ಬೆರಳು’ ಎಂದೇ ಕರೆಯುತ್ತಾರೆ. ಬೆರಳಿನ ಎಡಕ್ಕೂ ತುದಿಗೂ ಲೆಬನಾನ್ ದೇಶ. ಬಲಕ್ಕೆ ಗೋಲಾನ್ ಬೆಟ್ಟಗಳು, ಅದರಾಚೆ ಸಿರಿಯಾ. ಉಗುರಿನ ಜಾಗದಲ್ಲಿ ಮೆತುಲಾ ಎಂಬ ಪುಟ್ಟ ಊರು, ಅದರ ಮೂರು ಕಡೆಯೂ ಲೆಬನಾನ್. ಕೊಂಚ ಕೆಳಗೆ ಕಿರ್ಯಾತ್ ಶ್ಮೋನಾ ಎಂಬ ಪಟ್ಟಣ. 2023ರ ಯುದ್ಧಕ್ಕೆ ಮುನ್ನ ಅಲ್ಲಿದ್ದವರು ಇಪ್ಪತ್ತು ಸಾವಿರಕ್ಕೂ ಸ್ವಲ್ಪ ಹೆಚ್ಚು ಜನ. ಬೆಳಗಿನ ಹೊತ್ತು ನಮ್ಮ ಠಾಣೆ ಸ್ಟೇಷನ್ನಿನ ಸೇತುವೆ ದಾಟುವವರೇ ಅದಕ್ಕಿಂತ ಹೆಚ್ಚು ಎಂದರೆ ನಿಮಗೆ ಊರಿನ ಅಳತೆ ತಿಳಿದೀತು.

ಯುವಮಿತ್ರರೇ, ನೀವು ಮುಂಬಯಿಯಲ್ಲಿ ಹುಟ್ಟಿ ಬೆಳೆದವರು. ಯುದ್ಧವೆಂದರೆ ನಿಮಗೆ ಟಿ.ವಿ.ಯ ಪರದೆ, ಮೊಬೈಲಿನಲ್ಲಿ ಬರುವ ಹೊಗೆ-ಬೆಂಕಿಯ ಚಿತ್ರ. 2023ರಲ್ಲಿ ನನ್ನ ಮಗನ ಗೆಳೆಯರು ನಮ್ಮ ಹಜಾರದಲ್ಲಿ ಕುಳಿತು, ಎರಡು ಪಕ್ಷ ಕಟ್ಟಿಕೊಂಡು, ಸತ್ತವರ ಸಂಖ್ಯೆಯನ್ನು ಕ್ರಿಕೆಟ್ ಸ್ಕೋರಿನಂತೆ ಒಪ್ಪಿಸುತ್ತಿದ್ದರು. ಒಳಗೆ ಚಹಾ ಸೋಸುತ್ತಿದ್ದ ನನಗೆ ಕೈ ನಡುಗಿತು. ರಾಜಕೀಯ ವಿಶ್ಲೇಷಣೆ ಮಾಡುವಷ್ಟು ಪಾಂಡಿತ್ಯ ನನಗಿಲ್ಲ, ಇಂಗ್ಲಿಷಿನಲ್ಲಿ ಬಿ.ಎ. ಮಾಡಿ ಮೂವತ್ತು ವರ್ಷ ಒಲೆ ನೋಡಿಕೊಂಡವಳು. ಆದರೆ ಆ ಬೆರಳಿನ ತುದಿಯ ಊರಿನಲ್ಲಿ ಐದು ದಿನ ಉಂಡು ಮಲಗಿ ಬಂದಿದ್ದೇನೆ. ಅಲ್ಲಿ ಸಂಸಾರ ಹೇಗೆ ನಡೆಯುತ್ತದೆ, ಒಲೆ ಯಾವಾಗ ಆರುತ್ತದೆ, ಮಕ್ಕಳಿಗೆ ಸ್ನಾನ ಮಾಡಿಸುವುದು ಯಾವ ಹೊತ್ತಿಗೆ, ಇಷ್ಟನ್ನು ಹೇಳಬಲ್ಲೆ.

ನಾವು ಅಲ್ಲಿಗೆ ಹೋದ ಕಾರಣ ಹೀಗೆ. ಠಾಣೆಯಲ್ಲಿ ನಾವು ಮೊದಲಿದ್ದ ಕಟ್ಟಡದಲ್ಲಿ ಎದುರುಮನೆಯವರು ಬೆನೆ ಇಸ್ರೇಲಿಗಳು. ಕೊಂಕಣ ಕರಾವಳಿಯಲ್ಲಿ ಹಡಗು ಒಡೆದು ದಡ ಸೇರಿದ ಯಹೂದಿಗಳ ವಂಶದವರು ತಾವೆಂದು ಹೇಳಿಕೊಳ್ಳುವ ಜನ. ಹಿಂದೆ ಎಣ್ಣೆಗಾಣ ನಡೆಸುತ್ತಿದ್ದರಂತೆ, ಶನಿವಾರ ಮಾತ್ರ ಗಾಣ ತಿರುಗುತ್ತಿರಲಿಲ್ಲವಾದ್ದರಿಂದ ‘ಶನಿವಾರ ತೇಲಿ’ ಎಂಬ ಹೆಸರು ಬಿತ್ತು. ಮನೆಮಾತು ಮರಾಠಿ. ಅವಲಕ್ಕಿಗೆ ಕಾಯಿತುರಿ, ಸಕ್ಕರೆ ಬೆರೆಸಿ, ಹಣ್ಣುಗಳ ಜೊತೆ ‘ಮಲಿದಾ’ ಎಂದು ನೈವೇದ್ಯದಂತೆ ಇಡುವುದನ್ನು ಕಂಡು ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ನಮ್ಮ ಕಡೆಯ ಗೋಕುಲಾಷ್ಟಮಿಯೇ ನೆನಪಾಗಿತ್ತು. ಆ ಮನೆಯ ಮಗಳು ನನ್ನನ್ನು ‘ವಹಿನಿ’ ಎಂದು ಕರೆಯುತ್ತ ನನ್ನ ಅಡುಗೆಮನೆಯಲ್ಲೇ ಬೆಳೆದವಳು. 1999ರಲ್ಲಿ ಇಸ್ರೇಲಿಗೆ ಹೋದಳು, 2002ರಲ್ಲಿ ಮೊರೊಕ್ಕೊ ಮೂಲದ ಯಹೂದಿ ಹುಡುಗನನ್ನು ಮದುವೆಯಾಗಿ ಕಿರ್ಯಾತ್ ಶ್ಮೋನಾ ಸೇರಿದಳು. ಹೆಸರು ಹಾಕಬೇಡಿ ವಹಿನಿ ಎಂದಿದ್ದಾಳೆ. ಆದ್ದರಿಂದ ಎದುರುಮನೆಯವಳು ಎಂದೇ ಬರೆಯುತ್ತೇನೆ.

2019ರ ಫೆಬ್ರವರಿಯಲ್ಲಿ ನಮ್ಮವರೂ ನಾನೂ ಮುಂಬಯಿಯಿಂದ ವಿಮಾನ ಹತ್ತಿ ಟೆಲ್ ಅವೀವಿನಲ್ಲಿಳಿದು, ಅಲ್ಲಿಂದ ಬಸ್ಸಿನಲ್ಲಿ ಮೂರು ಗಂಟೆಗೂ ಮೀರಿ ಉತ್ತರಕ್ಕೆ ಹೋದೆವು. ಚೀಲದಲ್ಲಿ ಐದು ಕಿಲೋ ತೆಳು ಅವಲಕ್ಕಿ. ವಿಮಾನ ನಿಲ್ದಾಣದ ತಪಾಸಣೆಯ ಹುಡುಗಿ ಅದನ್ನು ಬೆರಳಿನಿಂದ ಕೆದಕಿ ಕೆದಕಿ ನೋಡಿದಳು. ನಮ್ಮವರು ತಿಂದು ತೋರಿಸಲೇ ಎಂದು ಕೇಳಿದ ಮೇಲೆ ನಕ್ಕು ಬಿಟ್ಟಳು.

ದಾರಿ ಬಲು ಚೆಲುವಾದದ್ದು. ಗಲಿಲೀ ಸರೋವರ ದಾಟಿದ ಮೇಲೆ ಹುಲಾ ಕಣಿವೆ. 1950ರ ದಶಕದಲ್ಲಿ ಜೌಗು ಎಂದು ಅಲ್ಲಿದ್ದ ಕೆರೆಯನ್ನು ಬತ್ತಿಸಿ ಹೊಲ ಮಾಡಿದರು. ಮಣ್ಣು ಕೆಟ್ಟಾಗ 1994ರಲ್ಲಿ ಒಂದು ಭಾಗಕ್ಕೆ ಮತ್ತೆ ನೀರು ಬಿಟ್ಟರು. ಈಗ ಚಳಿಗಾಲದಲ್ಲಿ ಹತ್ತಾರು ಸಾವಿರ ಕ್ರೌಂಚ ಹಕ್ಕಿಗಳು ಇಳಿಯುತ್ತವೆ. ರೈತರ ಬೆಳೆ ತಿನ್ನದಿರಲೆಂದು ಟ್ರ್ಯಾಕ್ಟರಿನಲ್ಲಿ ಜೋಳ ತಂದು ಚೆಲ್ಲುತ್ತಾರೆ! ಬಾದಾಮಿ ಮರಗಳು ಎಲೆಯಿಲ್ಲದೆ ಬಿಳಿ ಹೂ ಬಿಟ್ಟು ನಿಂತಿದ್ದವು. ಎದುರಿಗೆ ಹರ್ಮೋನ್ ಪರ್ವತದ ಮೇಲೆ ಹಿಮ. ಎಡಗಡೆ ಗೋಡೆಯಂತೆ ಎದ್ದ ಬೆಟ್ಟಸಾಲು, ಅದರ ಬೆನ್ನಿಗೇ ಲೆಬನಾನ್. ಬೆಟ್ಟದ ಬುಡದಲ್ಲಿ ನಾಲ್ಕು ಮಹಡಿಯ ಹಳೆಯ ಕಟ್ಟಡಗಳ ಸಾಲು ಕಂಡಿತು. ಹೌಸಿಂಗ್ ಬೋರ್ಡ್ ಕಾಲೋನಿಯಂತೆಯೇ ಇದೆಯಲ್ಲೇ ಎಂದರು ನಮ್ಮವರು. ನಿಜವೇ ಆಗಿತ್ತು.

ಆ ಊರಿನ ಪೂರ್ವೋತ್ತರವನ್ನು ಕೊಂಚ ಹೇಳಬೇಕು. ಕಿರ್ಯಾತ್ ಶ್ಮೋನಾ ಎಂದರೆ ‘ಎಂಟು ಜನರ ಊರು’. 1920ರಲ್ಲಿ ಪಕ್ಕದ ತೆಲ್ ಹೈ ಎಂಬಲ್ಲಿ ನಡೆದ ಕಾದಾಟದಲ್ಲಿ ಮಡಿದ ಎಂಟು ಮಂದಿಯ ನೆನಪಿಗೆ ಇಟ್ಟ ಹೆಸರು. ಆಗಿನ್ನೂ ಗಡಿಯೇ ನಿಶ್ಚಯವಾಗಿರಲಿಲ್ಲ. ಇಲ್ಲಿ ನಮ್ಮವರದೂ ಒಂದು ಎಳೆ ಉಂಟು. ಮೊದಲನೆಯ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ದಳ ಜೋಧಪುರದವರೊಡನೆ ಸೇರಿ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದಿತು. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಆ ಯುದ್ಧ ಗೆದ್ದ ಬ್ರಿಟಿಷರೂ ಫ್ರೆಂಚರೂ ಮೇಜಿನ ಮುಂದೆ ಕುಳಿತು 1923ರಲ್ಲಿ ಗೊತ್ತುಮಾಡಿದ ಗೆರೆಯೇ ಮುಂದೆ ಈ ಗಡಿಯಾಯಿತು. ಗೆರೆ ಎಳೆದವರು ಎದ್ದು ಹೋದರು. ಅದರ ಎರಡು ಬದಿಯಲ್ಲಿ ಬದುಕುವವರು ಉಳಿದರು.

ಈಗಿನ ಪಟ್ಟಣ ಶುರುವಾದದ್ದು 1949ರಲ್ಲಿ. ಯೆಮೆನ್, ಮೊರೊಕ್ಕೊ ಮುಂತಾದ ಕಡೆಗಳಿಂದ ಬಂದ ಯಹೂದಿಗಳಿಗೆ ಹಾಕಿಕೊಟ್ಟ ಡೇರೆ-ಶೆಡ್ಡುಗಳ ಶಿಬಿರವಾಗಿ. ಅದಕ್ಕೂ ಮೊದಲು ಅಲ್ಲಿ ಖಾಲಿಸಾ ಎಂಬ ಅರಬ್ ಹಳ್ಳಿಯಿತ್ತು. 1948ರ ಯುದ್ಧದಲ್ಲಿ ಆ ಹಳ್ಳಿಯವರು ಓಡಿಹೋಗಿ ನಿರಾಶ್ರಿತರಾದರು. ಅವರ ಕಲ್ಲಿನ ಮಸೀದಿ ಊರೊಳಗೆ ಉಳಿದಿದೆ, ಅದನ್ನು ಊರಿನ ಚರಿತ್ರೆಯ ಮ್ಯೂಸಿಯಂ ಮಾಡಿದ್ದರು. ಎದುರುಮನೆಯವಳು ಅದನ್ನು ತೋರಿಸುವಾಗ ಹೆಚ್ಚು ಮಾತಾಡಲಿಲ್ಲ. ನಾನೂ ಕೇಳಲಿಲ್ಲ. ಆದರೆ ನಿಮಗೆ ಹೇಳದೆ ಬಿಟ್ಟರೆ ಅರ್ಧ ಊರನ್ನೇ ತೋರಿಸಿದಂತಾಗುತ್ತದೆ.

ಇನ್ನು ಮನೆಗೆ ಬರೋಣ. ಅವಳ ಮನೆ ಎರಡನೆಯ ಮಹಡಿಯಲ್ಲಿ, 1960ರ ದಶಕದ ಕಟ್ಟಡ. ಇಸ್ರೇಲಿನಲ್ಲಿ 1991ರ ಕೊಲ್ಲಿ ಯುದ್ಧದಲ್ಲಿ ಇರಾಕಿನ ಸ್ಕಡ್ ಕ್ಷಿಪಣಿಗಳು ಬಿದ್ದ ಮೇಲೆ ಹೊಸ ನಿಯಮ ಬಂತು: ಕಟ್ಟುವ ಪ್ರತಿ ಹೊಸ ಮನೆಯೊಳಗೂ ಒಂದು ಭದ್ರ ಕೋಣೆ ಇರಬೇಕು. ದಪ್ಪ ಕಾಂಕ್ರೀಟ್ ಗೋಡೆ, ಬ್ಯಾಂಕಿನ ಲಾಕರ್ ಕೋಣೆಯಂಥ ಉಕ್ಕಿನ ಬಾಗಿಲು, ಕಿಟಕಿಗೆ ಉಕ್ಕಿನ ಪರದೆ. ‘ಮಮಾದ್’ ಎನ್ನುತ್ತಾರೆ. ಅವಳ ನಾದಿನಿಯ ಹೊಸ ಮನೆಯಲ್ಲಿ ಅದನ್ನು ನೋಡಿದೆ. ನಾನು ಏನೋ ಗುಹೆಯಂತಿರುತ್ತದೆ ಎಂದುಕೊಂಡಿದ್ದರೆ, ಒಳಗೆ ಮಗುವಿನ ಮಂಚ, ಗೋಡೆಗೆ ಜಿರಾಫೆ ಚಿತ್ರ, ಮೂಲೆಯಲ್ಲಿ ಇಸ್ತ್ರಿ ಮಾಡುವ ಮೇಜು, ಚಳಿಗಾಲದ ರಜಾಯಿಗಳು! ಚಿಕ್ಕ ಮಕ್ಕಳನ್ನು ಅಲ್ಲೇ ಮಲಗಿಸುವುದು ವಾಡಿಕೆ. ನಡುರಾತ್ರಿ ನಿದ್ದೆಗಣ್ಣಿನ ಮಗುವನ್ನು ಎತ್ತಿ ಓಡುವ ಬದಲು ದೊಡ್ಡವರೇ ಅಲ್ಲಿಗೆ ಓಡುವುದು ಸುಲಭವಲ್ಲವೇ?

ಎದುರುಮನೆಯವಳ ಹಳೆಯ ಕಟ್ಟಡಕ್ಕೆ ಆ ಭಾಗ್ಯವಿಲ್ಲ. ಎಲ್ಲರಿಗೂ ಸೇರಿ ಕೆಳಗೆ ಒಂದು ನೆಲಮಾಳಿಗೆ, ‘ಮಿಕ್ಲಾತ್’. ನಾವು ಹೋದಾಗ ಅದರೊಳಗೆ ಟೇಬಲ್ ಟೆನಿಸ್ ಮೇಜು ಹಾಕಿದ್ದರು, ಸಂಜೆ ಹುಡುಗಿಯರಿಗೆ ಡ್ಯಾನ್ಸ್ ಕ್ಲಾಸ್ ನಡೆಯುತ್ತಿತ್ತು. ಗೋಡೆಯ ತುಂಬ ಮಕ್ಕಳು ಬಿಡಿಸಿದ ಮೀನು, ಸೂರ್ಯಕಾಂತಿ. ಬೆಂಚಿನ ಕೆಳಗೆ ನೀರಿನ ಬಾಟಲಿಗಳ ಕಟ್ಟು ಮಾತ್ರ ಯಾವ ಕಾಲಕ್ಕೂ ಕದಲುವುದಿಲ್ಲ.

ಈಗ ಒಂದು ಲೆಕ್ಕ ಕೇಳಿ. ರಾಕೆಟ್ ಹಾರಿದ್ದು ಗೊತ್ತಾದೊಡನೆ ಸೈರನ್ ಕೂಗುತ್ತದೆ. ಸೈರನ್ನಿಗೂ ರಾಕೆಟ್ ಬೀಳುವುದಕ್ಕೂ ನಡುವೆ ಎಷ್ಟು ಸಮಯ ಸಿಗುತ್ತದೆ ಎಂಬುದನ್ನು ಅಲ್ಲಿ ಊರೂರಿಗೆ ಲೆಕ್ಕ ಹಾಕಿಟ್ಟಿದ್ದಾರೆ. ಗಾಜಾದಿಂದ ಹಾರಿದರೆ ಟೆಲ್ ಅವೀವಿಗೆ ತೊಂಬತ್ತು ಸೆಕೆಂಡು. ಗಾಜಾ ಗಡಿಗೆ ಅಂಟಿಕೊಂಡ ಸ್ದೆರೋತ್ ಪಟ್ಟಣಕ್ಕೆ ಹದಿನೈದು. ಅಲ್ಲಿ ಬಸ್ ಸ್ಟಾಪುಗಳೇ ಕಾಂಕ್ರೀಟಿನ ಆಶ್ರಯ ಕೋಣೆಗಳು; ಆಟದ ಮೈದಾನದಲ್ಲಿ ಮಕ್ಕಳು ನುಸುಳಿ ಆಡುವ ಬಣ್ಣದ ಕಂಬಳಿಹುಳುವಿನ ಹೊಟ್ಟೆಯೊಳಗೂ ಕಾಂಕ್ರೀಟೇ. ಆ ದಕ್ಷಿಣದ ಎಚ್ಚರಿಕೆಯ ಕೂಗಿಗೆ ಮೊದಲು ‘ಕೆಂಪು ಉಷೆ’ ಎಂಬರ್ಥದ ಪದವಿತ್ತಂತೆ. ಉಷೆಗೆ ಹೀಬ್ರೂವಿನಲ್ಲಿ ಶಹರ್. ಅದೇ ಹೆಸರಿನ ಏಳು ವರ್ಷದ ಹುಡುಗಿಯೊಬ್ಬಳು ತನ್ನ ಹೆಸರು ಕೂಗಿದೊಡನೆ ಎಲ್ಲರೂ ಹೆದರಿ ಓಡುತ್ತಾರೆಂದು ದೂರಿದಳು. 2007ರಲ್ಲಿ ಅದನ್ನು ‘ಕೆಂಪು ಬಣ್ಣ’ ಎಂದು ಬದಲಾಯಿಸಿದರು. ಸರ್ಕಾರವೊಂದು ಮಗುವಿನ ಮಾತು ಕೇಳಿದ್ದು ನನಗೆ ಬಹಳ ಹಿಡಿಸಿತು.

ಸರಿ, ಕಿರ್ಯಾತ್ ಶ್ಮೋನಾಕ್ಕೆ ಎಷ್ಟು? ಸೊನ್ನೆ. ಲೆಬನಾನ್ ಗಡಿ ಎರಡು-ಮೂರು ಕಿಲೋಮೀಟರ್ ಅಷ್ಟೇ ಆದ್ದರಿಂದ ಪಟ್ಟಿಯಲ್ಲಿ ಸೆಕೆಂಡಿನ ಬದಲು ‘ತಕ್ಷಣ’ ಎಂದು ಬರೆದಿರುತ್ತದೆ. ಕೆಲವೊಮ್ಮೆ ಸದ್ದು ಮೊದಲು, ಸೈರನ್ ಆಮೇಲೆ. ಎರಡು ಮಹಡಿ ಇಳಿದು ನೆಲಮಾಳಿಗೆ ಸೇರುವ ಪ್ರಶ್ನೆಯೇ ಇಲ್ಲ. ಹಾಗಾಗಿ ಅವಳ ಕಟ್ಟಡದವರು ಮೆಟ್ಟಿಲಿನ ತಿರುವಿನಲ್ಲಿ, ಕಿಟಕಿಯಿಲ್ಲದ ಗೋಡೆಗೆ ಒತ್ತಿ ನಿಲ್ಲುತ್ತಾರೆ. ಯಾರು ಎಲ್ಲಿ ನಿಲ್ಲಬೇಕು ಎಂಬುದು ಕೂಡ ರೂಢಿಯಾಗಿಬಿಟ್ಟಿದೆ. ಮೇಲಿನ ಮನೆಯ ರಷ್ಯನ್ ಮುದುಕ ಮೂರನೆಯ ಮೆಟ್ಟಿಲು, ಕೆಳಗಿನ ಮನೆಯ ಬಸುರಿ ಗೋಡೆಯ ಪಕ್ಕ. ನಮ್ಮ ಚಾಳುಗಳಲ್ಲಿ ಬೆಳಗಿನ ನಲ್ಲಿಯ ಮುಂದೆ ಬಿಂದಿಗೆಗಳಿಗೆ ಜಾಗ ಗೊತ್ತಾಗಿರುತ್ತಿತ್ತಲ್ಲ, ಹಾಗೆ.

ಅಡುಗೆಮನೆಯ ಮಾತು ಕೇಳಿ. 2006ರ ಜುಲೈ-ಆಗಸ್ಟಿನಲ್ಲಿ ಹಿಜ್ಬುಲ್ಲಾದೊಡನೆ 34 ದಿನ ಯುದ್ಧವಾಯಿತು. ಇಸ್ರೇಲಿನ ಮೇಲೆ ನಾಲ್ಕು ಸಾವಿರದಷ್ಟು ರಾಕೆಟ್ ಬಿದ್ದವು. ಈ ಒಂದು ಊರಿಗೇ ಸುಮಾರು ಸಾವಿರ. ಊರಿನ ಬಹಳ ಜನ ದಕ್ಷಿಣಕ್ಕೆ ಹೋದರು. ಎದುರುಮನೆಯವಳಿಗೆ ಆಗ ವರ್ಷದ ಗಂಡುಮಗು. ಅತ್ತೆ ಬರಲೊಲ್ಲೆ ಎಂದದ್ದರಿಂದ ಅವಳೂ ಉಳಿದಳು. ಆ ದಿನಗಳಲ್ಲಿ ಕಲಿತ ಕಟ್ಟಳೆಗಳನ್ನು ಅವಳು ನನಗೆ ಒಂದೊಂದಾಗಿ ಹೇಳಿದಳು, ನಾವು ಮಡಿ-ಮೈಲಿಗೆಯ ನಿಯಮ ಹೇಳಿದಂತೆ. ಕರಿಯುವುದು ಇಲ್ಲ, ಕಾದ ಎಣ್ಣೆಯ ಬಾಣಲೆ ಒಲೆಯ ಮೇಲಿರುವಾಗ ಸೈರನ್ ಆದರೆ ಓಡುವುದೋ, ಆರಿಸುವುದೋ? ಕುಕ್ಕರ್ ಸರಿ, ಅದು ತಾನಾಗಿ ಕೂಗಿಕೊಳ್ಳುತ್ತದೆ, ಆದರೆ ಅದರ ಸೀಟಿ ಕೇಳಿ ಮಗು ಬೆಚ್ಚುತ್ತದೆ! ತಲೆಗೆ ಶಾಂಪೂ ಹಚ್ಚುವುದು ಮನೆಯಲ್ಲಿ ಇನ್ನೊಬ್ಬರು ಎಚ್ಚರವಿದ್ದಾಗ ಮಾತ್ರ. ಸ್ನಾನ ಮೂರು ನಿಮಿಷ. ಬಚ್ಚಲಿನ ಬಾಗಿಲಿಗೆ ಅಗುಳಿ ಹಾಕುವಂತಿಲ್ಲ. ಮಂಚದ ಪಕ್ಕ ಚಪ್ಪಲಿ, ಬಾಗಿಲ ಹಿಂದೆ ಔಷಧದ ಚೀಲ. ಮೋಟಾರ್ ಸೈಕಲ್ ಗೇರು ಬದಲಿಸುವ ಸದ್ದಿಗೂ ಸೈರನ್ನಿನ ಮೊದಲ ಸ್ವರಕ್ಕೂ ಇರುವ ವ್ಯತ್ಯಾಸವನ್ನು ಆ ಊರಿನ ನಾಯಿಗಳೂ ಬಲ್ಲವಂತೆ.

ಶನಿವಾರದ ವಿಶ್ರಾಂತಿ ದಿನದಲ್ಲಿ ಆಚಾರವಂತರು ರೇಡಿಯೋ, ಟಿ.ವಿ. ಮುಟ್ಟುವುದಿಲ್ಲವಷ್ಟೆ? ಅವರಿಗಾಗಿ ಒಂದು ‘ಮೌನ ವಾಹಿನಿ’ ಇದೆ. ಶುಕ್ರವಾರ ಸೂರ್ಯ ಮುಳುಗುವ ಮೊದಲೇ ರೇಡಿಯೋ ಹಾಕಿಟ್ಟರೆ ದಿನವಿಡೀ ಒಂದು ಸದ್ದೂ ಇಲ್ಲ. ಅಪಾಯವಿದ್ದರೆ ಮಾತ್ರ ಮಾತಾಡುತ್ತದೆ. ಅವಳ ಅತ್ತೆಯ ಮನೆಯಲ್ಲಿ ಶುಕ್ರವಾರ ರಾತ್ರಿ ನಾವು ಕೂಸ್‌ಕೂಸ್, ಕೆಂಪು ಮೆಣಸಿನಲ್ಲಿ ಬೇಯಿಸಿದ ಮೀನು (ನಮಗೆ ಬೇರೆ ಆಲೂಗಡ್ಡೆ) ಇಟ್ಟ ಮೇಜಿನ ಸುತ್ತ ಕುಳಿತಿದ್ದಾಗ ಆ ಮೂಕ ರೇಡಿಯೋ ಕಪಾಟಿನ ಮೇಲೆ ಕೆಂಪು ದೀಪ ಹೊತ್ತಿಸಿಕೊಂಡು ಕೂತಿತ್ತು.

ಅಂದು ನನಗೆ ಇನ್ನೊಂದು ಅಚ್ಚರಿ ಕಾದಿತ್ತು. ಅತ್ತೆಯನ್ನು ನೋಡಿಕೊಳ್ಳುವ ಹುಡುಗಿ ಉಡುಪಿ ಕಡೆಯವಳು! ಇಸ್ರೇಲಿನಲ್ಲಿ ವೃದ್ಧರ ಆರೈಕೆಗೆ ಕೇರಳದವರಂತೆಯೇ ನಮ್ಮ ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಹೆಣ್ಣುಮಕ್ಕಳು, ಗಂಡಸರು ಬಹಳ ಮಂದಿ ಇದ್ದಾರೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಈಗ ಅಜ್ಜಿಯೊಡನೆ ನೀರು ಕುಡಿದಂತೆ ಹೀಬ್ರೂ.

“ಅಕ್ಕ, ನೀವು ಬೊಂಬಾಯಿಯಲ್ಲಿ ಎಲ್ಲಿ ಇರುದು? ನಮ್ಮ ದೊಡ್ಡಮ್ಮ ಸಾಂತಾಕ್ರೂಸಲ್ಲಿ ಇದ್ದಾರೆ,” ಎಂದು ಶುರುಮಾಡಿದವಳು ಊಟ ಮುಗಿಯುವವರೆಗೂ ಕನ್ನಡ ಬಿಡಲಿಲ್ಲ. ಹೆದರಿಕೆಯಾಗುವುದಿಲ್ಲವೇ ಎಂದು ಕೇಳಿದೆ.

“ಸುರುವಿಗೆ ಆಗ್ತಿತ್ತು. ಈಗ ಎಂತದೂ ಇಲ್ಲ. ಸೈರನ್ ಆದ್ರೆ ಅಜ್ಜಿಯನ್ನು ಎಬ್ಬಿಸಿ ಮೆಟ್ಟಿಲಿಗೆ ಕರ್ಕೊಂಡು ಬರುದು. ಅಜ್ಜಿ ಬರುದಿಲ್ಲ ಅಂತ ಹಠ ಮಾಡ್ತಾರೆ, ಅದೇ ಒಂದು ಕಷ್ಟ.”

ಅಜ್ಜಿಗೆ ಏನು ತಿಳಿಯಿತೋ, ಮೊರೊಕ್ಕನ್ ಅರಬಿಯಲ್ಲಿ ಏನೋ ಹೇಳಿದರು. ಸೊಸೆ ಮರಾಠಿಗೆ ತಿರುಗಿಸಿದಳು: “ಒಮ್ಮೆ ಮನೆ ಬಿಟ್ಟು ಬಂದವಳು ನಾನು. ಎರಡನೆಯ ಸಲ ಬಿಡುವುದಿಲ್ಲ.” ಹುಡುಗಿಯಾಗಿದ್ದಾಗ ಮೊರೊಕ್ಕೊದಿಂದ ಬಂದು ಇದೇ ಊರಿನ ಶೆಡ್ಡಿನಲ್ಲಿ ಇಳಿದವರಂತೆ. 1974ರ ಏಪ್ರಿಲಿನಲ್ಲಿ ಲೆಬನಾನಿನಿಂದ ನುಗ್ಗಿದ ಬಂದೂಕುಧಾರಿಗಳು ವಸತಿ ಕಟ್ಟಡಕ್ಕೆ ಹೊಕ್ಕು ಮಕ್ಕಳೂ ಸೇರಿ 18 ಜನರನ್ನು ಕೊಂದರಲ್ಲ, ಆಗಲೂ ಅವರು ಊರು ಬಿಡಲಿಲ್ಲ.

ಮರುದಿನವಲ್ಲ, ಅದರ ಮರುದಿನ ಮೆತುಲಾಕ್ಕೆ ಹೋದೆವು. ಸೇಬಿನ ತೋಟಗಳ ಊರು, 1896ರಲ್ಲಿ ಸ್ಥಾಪನೆಯಾದದ್ದು. ತೋಟದ ಕೊನೆಯ ಸಾಲಿನಾಚೆ ಗಡಿ. ಆಚೆ ಕಫರ್ ಕಿಲಾ ಎಂಬ ಲೆಬನಾನಿನ ಹಳ್ಳಿ. ಅಲ್ಲಿಯ ಮಹಡಿಯ ಮೇಲೆ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು. ಯಾವ ಬಣ್ಣದ ಸೀರೆ ಎಂದು ಹೇಳುವಷ್ಟು ಹತ್ತಿರ; ಸೀರೆಯಲ್ಲ ಬಿಡಿ, ಹೊದಿಕೆ. ಕೈ ಬೀಸೋಣವೆನಿಸಿತು, ಎದುರುಮನೆಯವಳು ಬೇಡ ಎಂದಳು. ಹಿಂದೆ ಇಲ್ಲೊಂದು ಗೇಟಿತ್ತು, 1976ರಿಂದ 2000ದವರೆಗೆ. ‘ಒಳ್ಳೆಯ ಬೇಲಿ’ ಎಂದು ಅದಕ್ಕೆ ಹೆಸರು. ಲೆಬನಾನಿನವರು ದಿನಾ ದಾಟಿ ಬಂದು ಈಚೆ ತೋಟದಲ್ಲೋ ಹೋಟೆಲಿನಲ್ಲೋ ದುಡಿದು ಸಂಜೆ ಹಿಂತಿರುಗುತ್ತಿದ್ದರು. ದಕ್ಷಿಣ ಲೆಬನಾನಿನ ಒಂದು ಪಟ್ಟಿಯನ್ನು ಆಗ ಇಸ್ರೇಲ್ ಹಿಡಿದುಕೊಂಡಿತ್ತು. 2000ದ ಮೇ ತಿಂಗಳಲ್ಲಿ ಸೈನ್ಯ ಹಿಂದೆ ಬಂದಿತು, ಗೇಟು ಮುಚ್ಚಿತು. ಬಿ.ಎ.ಯಲ್ಲಿ ಬೇಲಿ ಕಟ್ಟುವ ಇಬ್ಬರು ನೆರೆಯವರ ಬಗ್ಗೆ ರಾಬರ್ಟ್ ಫ್ರಾಸ್ಟನ ಪದ್ಯ ನಮಗೆ ಪಠ್ಯವಾಗಿತ್ತು. ನಮ್ಮ ಮೇಷ್ಟ್ರು ಅದನ್ನು ಎರಡು ವಾರ ಪಾಠ ಮಾಡಿದ್ದರು. ಮೆತುಲಾದಲ್ಲಿ ಅರ್ಧ ಗಂಟೆ ನಿಂತಿದ್ದರೆ ಇನ್ನೂ ಬೇಗ ಅರ್ಥವಾಗುತ್ತಿತ್ತು. ಅಂದ ಹಾಗೆ, ಬೇಲಿಯಾಚೆ ವಿಶ್ವಸಂಸ್ಥೆಯ ನೀಲಿ ಟೊಪ್ಪಿಗೆಯ ಶಾಂತಿಪಡೆಯಲ್ಲಿ 1998ರಿಂದ ನಮ್ಮ ಭಾರತೀಯ ಸೈನಿಕರ ತುಕಡಿಯೂ ಇತ್ತು.

ನಾವು ಹೋಗುವುದಕ್ಕೆ ಎರಡು ತಿಂಗಳ ಮುಂಚೆ, 2018ರ ಡಿಸೆಂಬರಿನಲ್ಲಿ, ಅದೇ ಕಫರ್ ಕಿಲಾದಿಂದ ಮೆತುಲಾದ ಅಡಿಗೆ ಹಿಜ್ಬುಲ್ಲಾ ತೋಡಿದ್ದ ಸುರಂಗ ಸಿಕ್ಕಿತ್ತು. ರಾತ್ರಿ ನೆಲದಡಿ ಟಕ್ ಟಕ್ ಸದ್ದು ಕೇಳುತ್ತದೆಂದು ಗಡಿಯ ಜನ ಹೇಳುತ್ತಲೇ ಬಂದಿದ್ದರು. ರಾಕೆಟ್ಟಿಗೆ ಅವರು ಒಗ್ಗಿಕೊಂಡಿದ್ದರು. ನೆಲದಡಿಯಿಂದ ಎದ್ದು ಬರುವ ಮನುಷ್ಯರಿಗೆ ಯಾರು ಒಗ್ಗಿಯಾರು? ಇದನ್ನು ನೆನಪಿಡಿ, ಮುಂದಿನದು ಅರ್ಥವಾಗುತ್ತದೆ.

2023ರ ಅಕ್ಟೋಬರ್ 7ರಂದು ದಕ್ಷಿಣದಲ್ಲಿ ಹಮಾಸಿನವರು ಗಾಜಾ ಬೇಲಿ ಮುರಿದು ಒಳನುಗ್ಗಿ ಸುಮಾರು 1,200 ಜನರನ್ನು ಕೊಂದರು, 251 ಮಂದಿಯನ್ನು ಒತ್ತೆಯಾಗಿ ಒಯ್ದರು. ಭದ್ರ ಕೋಣೆಯೊಳಗೆ ಬಾಗಿಲ ಹಿಡಿಯನ್ನು ಕೈಯಿಂದಲೇ ಅದುಮಿ ಹಿಡಿದು ಗಂಟೆಗಟ್ಟಲೆ ನಿಂತ ಕುಟುಂಬಗಳ ಕಥೆ ಬಂತು. ರಾಕೆಟ್ಟಿಗೆಂದು ಕಟ್ಟಿದ ಕೋಣೆಗೆ ಒಳಗಿನಿಂದ ಬೀಗವಿರಲಿಲ್ಲ. ಮರುದಿನವೇ ಉತ್ತರದಲ್ಲಿ ಹಿಜ್ಬುಲ್ಲಾ ಗುಂಡು ಶುರುಮಾಡಿತು. ಉತ್ತರದವರಿಗೆ ಸುರಂಗದ ನೆನಪು. ಅಕ್ಟೋಬರ್ 20ರಂದು ಇಡೀ ಕಿರ್ಯಾತ್ ಶ್ಮೋನಾ ಖಾಲಿ ಮಾಡಬೇಕೆಂದು ಸರ್ಕಾರ ಹೇಳಿತು. ಉತ್ತರದ ಗಡಿಯಿಂದ ಒಟ್ಟು ಅರವತ್ತು ಸಾವಿರದಷ್ಟು ಜನ ಮನೆ ಬಿಟ್ಟರು.

“ವಹಿನಿ, ಎರಡು ವಾರಕ್ಕಂತೆ. ನಾಲ್ಕು ಜೊತೆ ಬಟ್ಟೆ ತಗೊಂಡಿದ್ದೇನೆ,” ಎಂದು ತಿಬೇರಿಯಾದ ಹೋಟೆಲಿನಿಂದ ಫೋನು ಮಾಡಿದಳು. ಆ ಎರಡು ವಾರ ಹದಿನಾರು ತಿಂಗಳಾಯಿತು.

ನೀವು ಹೋಟೆಲೆಂದರೆ ಮಜಾ ಎನ್ನುತ್ತೀರಿ. ಮೊದಲ ವಾರ ಅವಳ ಮಗಳೂ ಹಾಗೇ ಅಂದಳು. ಒಂದು ಕೋಣೆ, ಎರಡು ಮಂಚ, ಅಡುಗೆಮನೆಯಿಲ್ಲ. ಬೆಳಿಗ್ಗೆ-ಸಂಜೆ ಸಾಲಿನಲ್ಲಿ ನಿಂತು ಬಫೆ ಊಟ. ಒಗೆದ ಬಟ್ಟೆ ಒಣಗಿಸಲು ಕುರ್ಚಿಯ ಬೆನ್ನು. ಹದಿಮೂರರ ಹುಡುಗಿಗೆ ಬಾಗಿಲು ಹಾಕಿಕೊಳ್ಳಲು ಇದ್ದದ್ದು ಬಚ್ಚಲೊಂದೇ; ಅಲ್ಲೇ ಕುಳಿತು ಓದುತ್ತಿದ್ದಳಂತೆ. ಹೋಟೆಲ್ ಬೇಡವೆಂದವರಿಗೆ ಸರ್ಕಾರ ದಿನಕ್ಕೆ ದೊಡ್ಡವರಿಗೆ 200, ಮಕ್ಕಳಿಗೆ 100 ಶೆಕೆಲ್ ಕೊಡುತ್ತಿತ್ತು. ಬಾಡಿಗೆ ಮನೆ ಹುಡುಕುವಷ್ಟರಲ್ಲಿ ಬಾಡಿಗೆಯೂ ಏರಿತ್ತು. “ನನ್ನ ಕೈಯಾರೆ ಒಂದು ಲೋಟ ಚಹಾ ಮಾಡಿ ಮೂರು ತಿಂಗಳಾಯಿತು,” ಎಂದು ಒಮ್ಮೆ ಅತ್ತಳು. ಬಾಂಬಿಗೆ ಅತ್ತವಳಲ್ಲ ಅವಳು. ಆಮೇಲೆ ಮಂಚದ ಕೆಳಗೆ ಬಚ್ಚಿಟ್ಟ ಸಣ್ಣ ವಿದ್ಯುತ್ ಒಲೆಯ ಮೇಲೆ ಕದ್ದು ಅವಲಕ್ಕಿ ಒಗ್ಗರಣೆ ಹಾಕಿದಳಂತೆ. ಸಾಸಿವೆಯ ಘಾಟಿಗೆ ಇಡೀ ಮಹಡಿಯವರು ಬಾಗಿಲು ತೆರೆದು, ಮ್ಯಾನೇಜರ್ ಬರುವ ಮೊದಲು ಪಾತ್ರೆ ಖಾಲಿ.

ಗಂಡ ಊರಲ್ಲೇ ಉಳಿದ. ಸೇಬಿನ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ, ಜೊತೆಗೆ ಊರಿನ ಕಾವಲು ತಂಡದಲ್ಲಿ ಹೆಸರು. ಮಗ ಹದಿನೆಂಟು ತುಂಬಿ ಕಡ್ಡಾಯ ಸೇನಾ ಸೇವೆಗೆ ಹೋದ. ಅಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಕಾಲೇಜಿಗಿಂತ ಮೊದಲು ಅದು. ರಾಕೆಟ್ಟನ್ನು ಆಕಾಶದಲ್ಲೇ ಒಡೆಯುವ ‘ಉಕ್ಕಿನ ಗುಮ್ಮಟ’ ವ್ಯವಸ್ಥೆ 2011ರಿಂದಲೂ ಇದೆಯಲ್ಲ ಎಂದು ನಾನು ಸಮಾಧಾನ ಹೇಳಿದೆ. ಬೆಟ್ಟದ ಮೇಲಿಂದ ಮನೆಯ ಕಿಟಕಿಗೇ ಗುರಿಯಿಟ್ಟು ಹೊಡೆಯುವ ಟ್ಯಾಂಕ್ ನಿರೋಧಕ ಕ್ಷಿಪಣಿಗೆ ಆ ಗುಮ್ಮಟವೂ ಇಲ್ಲ, ಸೈರನ್ನೂ ಇಲ್ಲ ಎಂದಳು. 2024ರ ಮಾರ್ಚಿನಲ್ಲಿ ಪಕ್ಕದ ಮಾರ್ಗಲಿಯೋತಿನ ತೋಟದಲ್ಲಿ ಕೆಲಸ ಮಾಡುತ್ತಿದ್ದ ಕೇರಳದ ಯುವಕನೊಬ್ಬ ಅಂಥ ಕ್ಷಿಪಣಿಗೇ ಬಲಿಯಾದ. ಅದೇ ಅಕ್ಟೋಬರ್ 31ರಂದು ಮೆತುಲಾದ ತೋಟದಲ್ಲಿ ಒಬ್ಬ ರೈತನೂ ನಾಲ್ವರು ಥಾಯ್ ಕೂಲಿಗಳೂ ಸತ್ತರು. ಜುಲೈ 27ರಂದು ಗೋಲಾನಿನ ಮಜ್ದಲ್ ಶಮ್ಸ್ ಊರಿನ ಫುಟ್‌ಬಾಲ್ ಮೈದಾನಕ್ಕೆ ರಾಕೆಟ್ ಬಿದ್ದು ದ್ರೂಜ್ ಸಮುದಾಯದ ಹನ್ನೆರಡು ಎಳೆಯರು ಹೋದರು. ಸೈರನ್ ಕೂಗಿ ಕೆಲವೇ ಕ್ಷಣವಾಗಿತ್ತು. ಪಕ್ಕದಲ್ಲೇ ಆಶ್ರಯ ಕೋಣೆಯಿತ್ತು.

ಬೇಲಿಯ ಆಚೆ? ದಕ್ಷಿಣ ಲೆಬನಾನಿನ ಹಳ್ಳಿಮನೆಗಳಲ್ಲಿ ಉಕ್ಕಿನ ಬಾಗಿಲಿನ ಕೋಣೆಗಳಿಲ್ಲ, ಮನೆ ಮನೆಗೆ ಸೆಕೆಂಡು ಲೆಕ್ಕ ಹೇಳುವ ಸೈರನ್ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಇಸ್ರೇಲಿನ ದಾಳಿ ತೀವ್ರವಾದಾಗ, ಅಲ್ಲಿಯ ಸರ್ಕಾರದ ಲೆಕ್ಕದಂತೆ, ಹತ್ತು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಒಟ್ಟು ಸತ್ತವರು ನಾಲ್ಕು ಸಾವಿರದ ಹತ್ತಿರ. ಕಫರ್ ಕಿಲಾ ಬಹುಪಾಲು ನೆಲಸಮವಾಯಿತು. ಆ ಬಟ್ಟೆ ಒಣಹಾಕುತ್ತಿದ್ದ ಮಹಡಿ ಉಳಿದಿರಲಾರದು. ಗಾಜಾದಲ್ಲಿ ಸತ್ತವರಂತೂ ಹತ್ತಾರು ಸಾವಿರ. ಇದನ್ನು ಸ್ಕೋರು ಹೇಳಲು ಬರೆಯುತ್ತಿಲ್ಲ, ಮಕ್ಕಳೇ. ಎದುರುಮನೆಯವಳೇ ಒಂದು ದಿನ ಕೇಳಿದಳು: “ಆ ಮಹಡಿಯವಳು ಎಲ್ಲಿ ಹೋಗಿರಬಹುದು, ವಹಿನಿ? ಅವಳಿಗೆ ಹೋಟೆಲ್ ಯಾರು ಕೊಟ್ಟಾರು?”

ಅಜ್ಜಿಯನ್ನು ಕೊನೆಗೆ ಸ್ಟ್ರೆಚರಿನಲ್ಲಿ ಹೊತ್ತೇ ಇಳಿಸಬೇಕಾಯಿತಂತೆ. ಉಡುಪಿಯ ಹುಡುಗಿ ಜೊತೆಗೇ ಹೋದಳು. 2023ರಲ್ಲಿ ನಮ್ಮ ಸರ್ಕಾರ ‘ಆಪರೇಷನ್ ಅಜಯ್’ ಎಂದು ವಿಮಾನ ಕಳಿಸಿದಾಗ ಮನೆಯವರೆಲ್ಲ ಬಾ ಎಂದರೂ ಬರಲಿಲ್ಲ. ಅಜ್ಜಿ 2024ರ ಆಗಸ್ಟಿನಲ್ಲಿ ತಿಬೇರಿಯಾದಲ್ಲೇ ತೀರಿಕೊಂಡರು. ಆ ವರ್ಷ ಕ್ರಿಸ್ಮಸ್ಸಿಗೆ ಊರಿಗೆ ಹೋಗುವ ದಾರಿಯಲ್ಲಿ ಹುಡುಗಿ ನಮ್ಮ ಮನೆಯಲ್ಲಿ ಒಂದು ರಾತ್ರಿ ಉಳಿದಿದ್ದಳು. “ಅಜ್ಜಿ ದಿನಾ ಬೆಳಿಗ್ಗೆ ಎದ್ದು ಬಸ್ಸು ಎಷ್ಟು ಗಂಟೆಗೆ ಅಂತ ಕೇಳುದು. ನಾನು ನಾಳೆ ಉಂಟು ಅಂತ ಹೇಳುದು,” ಎಂದಳು. ನಮ್ಮ ಕೆಲಸದವಳು ಮೆಟ್ಟಿಲಲ್ಲಿ ಬಕೆಟ್ ಬೀಳಿಸಿದಾಗ ನಾವು ತಿರುಗಿ ನೋಡುವಷ್ಟರಲ್ಲಿ ಅವಳು ಹಜಾರದ ಒಳಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ನನ್ನ ಮಗ ಅಂದು ಅವಳನ್ನು ಏನೂ ಕೇಳಲಿಲ್ಲ. ರಾತ್ರಿ ಬಹಳ ಹೊತ್ತು ಅವಳ ಮಾತು ಕೇಳುತ್ತ ಕುಳಿತಿದ್ದ.

2024ರ ನವೆಂಬರ್ 27ರಂದು ಕದನವಿರಾಮವಾಯಿತು. 2025ರ ಮಾರ್ಚಿನಿಂದ ಊರಿಗೆ ಮರಳಿ ಎಂದು ಸರ್ಕಾರ ಹೇಳಿ ಹೋಟೆಲಿನ ಖರ್ಚು ನಿಲ್ಲಿಸಿತು. ಮನೆ ಬಿಡುವುದಕ್ಕಿಂತ ಮರಳುವುದು ಕಷ್ಟವೆಂದು ನನಗೆ ತಿಳಿದದ್ದು ಆಗ. ಮನೆಯೇನೋ ನಿಂತಿತ್ತು, ಕಿಟಕಿ ಗಾಜು ಮಾತ್ರ ಇರಲಿಲ್ಲ. ಫ್ರಿಜ್ಜನ್ನು ತೆರೆಯದೆ, ಸುತ್ತ ಟೇಪ್ ಸುತ್ತಿ, ಹಾಗೇ ಬೀದಿಗೆ ಇಳಿಸಿದರಂತೆ. ಮಕ್ಕಳ ವೈದ್ಯರು ಹೈಫಾದಲ್ಲಿ ನೆಲೆನಿಂತಿದ್ದರು. ಬೇಕರಿಯವನು ಬರಲೇ ಇಲ್ಲ. 2012ರಲ್ಲಿ ಇಡೀ ಇಸ್ರೇಲಿನ ಫುಟ್‌ಬಾಲ್ ಲೀಗ್ ಗೆದ್ದ ಊರು ಅದು! ಅಲ್ಲಿ ಸಂಜೆ ಚೆಂಡಾಡಲು ಎರಡು ತಂಡಕ್ಕೆ ಹುಡುಗರು ಸಾಲುತ್ತಿರಲಿಲ್ಲ. ಕಟ್ಟಡದ ಎಂಟು ಮನೆಗಳಲ್ಲಿ ಮೂರರಲ್ಲಿ ದೀಪ.

ಮಗಳು ಬರುವುದಿಲ್ಲ ಎಂದಳು. ತಿಬೇರಿಯಾದ ಶಾಲೆಯಲ್ಲಿ ಅವಳಿಗೆ ಗೆಳತಿಯರಾಗಿದ್ದರು, ಗಣಿತಕ್ಕೆ ಒಳ್ಳೆಯ ಟೀಚರ್ ಸಿಕ್ಕಿದ್ದರು. ಅಪ್ಪನಿಗೆ ಅದು ಅವಮಾನವೆನಿಸಿತು. ಅಮ್ಮನನ್ನು ಕೊನೆಯವರೆಗೂ ಊರಿಗೆ ಕರೆತರಲಾಗಲಿಲ್ಲವೆಂಬ ಕೊರಗು ಬೇರೆ ಅವನಿಗಿತ್ತು. ಮನೆಯಲ್ಲಿ ತಿಂಗಳುಗಟ್ಟಲೆ ಮಾತಿಲ್ಲ. ಜಗಳ ಹಚ್ಚಿಕೊಂಡು ಫೋನು ಮಾಡಿದ ಎದುರುಮನೆಯವಳು, “ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ವಹಿನಿ? ನಿಮ್ಮ ಮಗ ಕರ್ನಾಟಕಕ್ಕೆ ಬರುತ್ತಾನೆಯೇ?” ಎಂದಳು. ನಾನು ಮಗನ ಕಡೆ ನೋಡಿದೆ. ಅವನು ಮೊಬೈಲಿನಿಂದ ತಲೆಯೆತ್ತಲಿಲ್ಲ.

2025ರ ಜೂನ್ 13ರಂದು ಇರಾನಿನೊಡನೆ ಹನ್ನೆರಡು ದಿನಗಳ ಯುದ್ಧ ಶುರುವಾಯಿತು. ಈ ಸಲ ಕ್ಷಿಪಣಿಗಳು ಬಿದ್ದದ್ದು ಟೆಲ್ ಅವೀವಿನ ಸುತ್ತಮುತ್ತ, ಹೈಫಾ ಕಡೆ. ದೊಡ್ಡ ನಗರದ ಹುಡುಗಿಯರು ಅವಳ ಮಗಳಿಗೆ ಫೋನು ಮಾಡಿ ಕೇಳಿದರಂತೆ: ನೆಲಮಾಳಿಗೆಯಲ್ಲಿ ನಿದ್ದೆ ಮಾಡುವುದು ಹೇಗೆ? ಚಪ್ಪಲಿ ಪಕ್ಕದಲ್ಲಿಡಿ, ಕೂದಲು ಕಟ್ಟಿಕೊಳ್ಳಿ, ಮುದುಕರನ್ನು ಮೊದಲೇ ಕೆಳಗೆ ಕರೆತನ್ನಿ ಎಂದು ಹೇಳಿಕೊಟ್ಟಳು. ಶಾಲೆ ಮುಗಿಯುವವರೆಗೆ ತಿಬೇರಿಯಾದಲ್ಲಿ ಅತ್ತೆಯ ಮನೆಯಲ್ಲಿರುವುದು, ಗುರುವಾರ ಸಂಜೆಯ ಬಸ್ಸಿಗೆ ಮನೆಗೆ ಬಂದು ಶನಿವಾರ ರಾತ್ರಿ ಹಿಂತಿರುಗುವುದು ಎಂದು ಆಮೇಲೆ ಒಪ್ಪಂದವಾಯಿತು. ಒಂದು ಗಂಟೆಯ ದಾರಿ. ಗುರುವಾರ ನಾನು ಫೋನು ಮಾಡುವಂತಿಲ್ಲ. ಅಂದು ಎದುರುಮನೆಯವಳು ಅಡುಗೆಯಲ್ಲಿರುತ್ತಾಳೆ.